ನೆಲ ಬಿಟ್ಟೇಳದ ಗುಮಾಸ್ತರು

ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆಯೊಳಗೆ 'ಕಟಕ್' ಎಂದು ಒಂದು ಸಣ್ಣ ಸದ್ದಾಯಿತು.

"ಯಾರದು?" ಹೊದಿಕೆಯೊಳಗಿಂದಲೇ ಹೆಂಡತಿ ಕೇಳಿದಳು.

"ನಾನೇ ಕಣೇ. ನೀರು ಕುಡಿಯೋಣ ಅಂತ ಎದ್ದೆ."

"ಚಿಲಕ ಯಾಕೆ ತೆಗೆದ್ರಿ?"

"ಚಿಲಕ ಅಲ್ಲ. ನನ್ನ ಮಂಡಿ."

"ಕಳ್ಳ ಬಂದಿದ್ರೇ ವಾಸಿಯಿತ್ತು," ಎಂದು ಮಗ್ಗುಲು ಬದಲಿಸಿದಳು. "ಬೆಳಿಗ್ಗೆ ಡ್ರಿಲ್ ಮಾಸ್ತರನ್ನ ಕೇಳ್ತೀನಿ."

ಡ್ರಿಲ್ ಮಾಸ್ತರೆಂದರೆ ಪಕ್ಕದ ಮನೆಯವರು. ಶಾಲೆಯ ಮಕ್ಕಳಿಗೆ ಕವಾಯತು ಮಾಡಿಸಿ ನಿವೃತ್ತರಾದವರು ಈಗ ಇಡೀ ಬೀದಿಗೆ ಮಾಡಿಸುತ್ತಿದ್ದರು. ಯಾರ ಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆರೆದರೂ ಅವರ ಕಿವಿ ನಿಮಿರುತ್ತಿತ್ತು. ಮರುದಿನ ಗುಮಾಸ್ತರು ಹಿತ್ತಲಿನಲ್ಲಿ ಹಲ್ಲುಜ್ಜುತ್ತಿರುವಾಗ ಕಾಂಪೌಂಡಿನ ಮೇಲೆ ಮಾಸ್ತರ ತಲೆ ಮೂಡಿತು.

"ಏನ್ ಗುಮಾಸ್ತರೇ, ಮಂಡಿ ಮಾತಾಡೋಕೆ ಶುರು ಮಾಡಿದೆಯಂತೆ?"

ಬಾಯ್ತುಂಬ ನೊರೆ ಇದ್ದುದರಿಂದ ಗುಮಾಸ್ತರು ತಲೆಯಾಡಿಸಿದರು.

"ಅದಿರಲಿ. ಒಂದು ಪರೀಕ್ಷೆ ಇದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂರಿ. ಕೈ ಊರಬಾರದು, ಮಂಡಿ ಊರಬಾರದು, ಏನನ್ನೂ ಹಿಡ್ಕೋಬಾರದು. ಹಾಗೇ ಎದ್ದು ನಿಲ್ಲಿ. ಎದ್ದರೆ ನೂರು ವರ್ಷಕ್ಕೆ ಮೋಸ ಇಲ್ಲ."

"ಏಳದಿದ್ರೆ?" ಗುಮಾಸ್ತರು ಉಗಿದು ಕೇಳಿದರು.

ಮಾಸ್ತರು ಒಮ್ಮೆ ಆಕಾಶ ನೋಡಿದರು. "ಇರೋಷ್ಟು ದಿನ ಚೆನ್ನಾಗಿರಿ."

ಬೇರೆ ದಿನವಾಗಿದ್ದರೆ ಈ ಮಾತನ್ನು ಗುಮಾಸ್ತರು ನೊರೆಯ ಜೊತೆಗೇ ಉಗಿದುಬಿಡುತ್ತಿದ್ದರು. ಆದರೆ ಅವರು ಆ ತಿಂಗಳ ಕೊನೆಗೆ ನಿವೃತ್ತರಾಗಬೇಕಿತ್ತು. ಇನ್ನೆರಡು ವರ್ಷ ಕೆಲಸ ಮುಂದುವರಿಸಿ ಎಂದು ಅರ್ಜಿ ಹಾಕಿದ್ದರು. 'ದೈಹಿಕವಾಗಿ ಸಮರ್ಥರು' ಎಂದು ಮ್ಯಾನೇಜರ್ ಬರೆದು ಸಹಿ ಹಾಕಿದರೆ ಆಯಿತು; ಅದಕ್ಕೆ ಅಂದೇ ಕೊನೆಯ ದಿನ. ಸಹಿ ಬೀಳದಿದ್ದರೆ ಮಗಳ ಓದು ಅರ್ಧಕ್ಕೆ ನಿಲ್ಲುವ ಭಯ ಒಂದು ಕಡೆ. ಬೆಳಗಿನಿಂದ ಸಂಜೆವರೆಗೆ ಡ್ರಿಲ್ ಮಾಸ್ತರ ಕೈಗೆ ಸಿಕ್ಕಿಬೀಳುವ ಭಯ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಕಾಡುತ್ತಿತ್ತು ಎನ್ನುವುದನ್ನು ಅವರು ಹೆಂಡತಿಗೆ ಹೇಳಿರಲಿಲ್ಲ.

ಅವರದು ಜೀವವಿಮೆಯ ಕಚೇರಿ. ಕಟ್ಟಡದ ತುತ್ತತುದಿಯ ಮಹಡಿ. ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿತ್ತು. ಮ್ಯಾನೇಜರು ಅದನ್ನು ರಿಪೇರಿ ಮಾಡಿಸುವ ಬದಲು 'ಮೆಟ್ಟಿಲು ಹತ್ತಿರಿ, ಆಯುಸ್ಸು ಹೆಚ್ಚಿಸಿಕೊಳ್ಳಿ' ಎಂದು ಬೋರ್ಡು ಬರೆಸಿದ್ದರು. ಅಂದು ಗುಮಾಸ್ತರು ಆಯುಸ್ಸು ಹೆಚ್ಚಿಸಿಕೊಂಡು ಮೇಲೆ ತಲುಪುವಾಗ ಉಸಿರು ಒಂದೇ ಬಾಕಿ ಇತ್ತು.

ಕುರ್ಚಿಯಲ್ಲಿ ಕೂತರೂ ಮಾಸ್ತರ ಮಾತು ಕಿವಿಯಲ್ಲಿ ಹೊಕ್ಕ ಇರುವೆಯ ಹಾಗೆ ಓಡಾಡುತ್ತಿತ್ತು. ಬದುಕೆಲ್ಲ ಬೇರೆಯವರ ಆಯುಸ್ಸಿನ ಲೆಕ್ಕ ಹಾಕಿದ ಮನುಷ್ಯ; ತನ್ನದೊಂದನ್ನು ನೋಡಿರಲಿಲ್ಲ. ಒಮ್ಮೆ ಕೂತು ಎದ್ದರೆ ಮುಗಿಯಿತಲ್ಲ? ಯಾರೂ ಕಾಣದ ಜಾಗ ಯಾವುದೆಂದು ಯೋಚಿಸಿದಾಗ ಲಿಫ್ಟಿನ ಮುಂದಿನ ಮೂಲೆ ನೆನಪಾಯಿತು. ಕೆಟ್ಟ ಲಿಫ್ಟಿನ ಮುಂದೆ ಯಾರು ಬಂದು ನಿಲ್ಲುತ್ತಾರೆ?

ಕೂರುವುದೇನೋ ಸಲೀಸಾಗಿ ಆಯಿತು. ಭೂಮಿಯೇ ಎಳೆದುಕೊಂಡಿತು. ಕಾಲು ಮಡಿಸಿ, ಕೈ ಕಟ್ಟಿ, ಮುಂದಕ್ಕೆ ಬಾಗಿ ಗುಮಾಸ್ತರು ಒಮ್ಮೆ ತಿಣುಕಿದರು. ಸೊಂಟ ಹೂಂ ಎಂದಿತು, ಮಂಡಿ ಉಹುಂ ಎಂದಿತು. ಎರಡನೆಯ ಸಲ ಹಿಂದಕ್ಕೆ ಉರುಳಿ, ಮಗುಚಿದ ಆಮೆಯಂತೆ ಚಾವಣಿ ನೋಡಿದರು. ಸರಿ, ನೂರು ವರ್ಷ ಬೇಡ, ಕೈ ಊರಿಯೇ ಏಳೋಣ ಎಂದುಕೊಂಡರೆ ಅಷ್ಟರಲ್ಲಿ ಕಾಲಿಗೆ ಜೋಮು ಹತ್ತಿತ್ತು. ಲಿಫ್ಟಿನ ಬಾಗಿಲು ಹಿಡಿಯಲು ಹೋದರೆ ನುಣುಪು. ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಮರಳಿನ ಬಕೆಟ್ಟಿಗೆ ಜೋತುಬಿದ್ದರು. ಬಕೆಟ್ಟು ಕಳಚಿಕೊಂಡು ಮರಳೆಲ್ಲ ಮಡಿಲಿಗೆ ಸುರಿಯಿತು. ಮೊದಲೇ ಪಾಲಿಶ್ ಮಾಡಿದ ನೆಲ, ಮೇಲೆ ಮರಳು; ಇನ್ನು ಎಲ್ಲಿ ಕೈ ಊರಿದರೂ ಜಾರುತ್ತಿತ್ತು.

ಬಕೆಟ್ಟಿನ ಸದ್ದಿಗೆ ಕ್ಯಾಷಿಯರಮ್ಮ ಬಂದರು.

"ಇದೇನ್ ಸಾರ್, ಇಲ್ಲಿ ಕೂತಿದೀರಾ?"

"ಸುಮ್ನೆ."

"ಮರಳು?"

"ಅದೂ ಸುಮ್ನೆ."

"ಏಳಿ ಸಾರ್, ಬಟ್ಟೆ ಕೊಳೆ ಆಗತ್ತೆ."

ಏಳಲಾರೆ ಎಂದು ಒಂದು ಮಾತು ಹೇಳಿದರೆ ಆಕೆ ಕೈ ಕೊಡುತ್ತಿದ್ದರು. ಆದರೆ ಕ್ಯಾಷಿಯರಮ್ಮನಿಗೆ ಗೊತ್ತಾದ ವಿಷಯ ಚಹಾ ಆರುವುದರೊಳಗೆ ಮ್ಯಾನೇಜರ ಮೇಜು ತಲುಪುತ್ತಿತ್ತು. ಆಮೇಲೆ ಸಹಿಯ ಗತಿ? ಗುಮಾಸ್ತರು ಮುಖ ಬಿಗಿದು, "ಈಗ ಏಳೋ ಮನಸ್ಸಿಲ್ಲ," ಎಂದರು.

ಆಕೆ ಗುಮಾಸ್ತರನ್ನು ನೋಡಿದರು, ಲಿಫ್ಟನ್ನು ನೋಡಿದರು, ಬೋರ್ಡನ್ನು ನೋಡಿದರು. ಕಣ್ಣು ಅರಳಿತು. "ಮೆಟ್ಟಿಲು ಹತ್ತೋ ನಮ್ಮೆಲ್ಲರ ಸಂಕಟಕ್ಕೆ ನೀವೊಬ್ರಾದ್ರೂ ಧರಣಿ ಕೂತ್ರಲ್ಲ ಸಾರ್," ಎಂದವರೇ ಒಳಗೆ ಓಡಿದರು.

ಮರುಕ್ಷಣ ನೌಕರರ ಸಂಘದ ಕಾರ್ಯದರ್ಶಿ ಬಂದ. ಹರತಾಳವಿಲ್ಲದೆ ಬಹಳ ದಿನದಿಂದ ಸೊರಗಿದ್ದ ಆತ ಗುಮಾಸ್ತರನ್ನು ಕಂಡು, ಕಳೆದುಹೋದ ಎಮ್ಮೆ ಸಿಕ್ಕಿದವನ ಹಾಗೆ ಆದ.

"ಅಣ್ಣಾ, ಒಂದು ಮಾತು ಮೊದಲೇ ಹೇಳಬಾರದಾಗಿತ್ತಾ? ಬ್ಯಾನರ್ ಬರೆಸ್ತಿದ್ದೆ."

"ನನಗೇ ಮೊದಲು ಗೊತ್ತಿರಲಿಲ್ಲಪ್ಪ."

"ಲಿಫ್ಟ್ ರಿಪೇರಿ ಆಗೋವರೆಗೂ ಏಳಲ್ಲ ತಾನೇ?"

"ಏಳೋ ಲಕ್ಷಣ ಏನೂ ಕಾಣ್ತಿಲ್ಲ," ಎಂದು ಗುಮಾಸ್ತರು ನಿಜವನ್ನೇ ಹೇಳಿದರು.

ಒಬ್ಬೊಬ್ಬರಾಗಿ ಕಚೇರಿಯವರೆಲ್ಲ ಬಂದು ಕೂತರು. ಮರಳು ಗುಡಿಸಿದರು, ಘೋಷಣೆ ಕೂಗಿದರು. ಕ್ಯಾಷಿಯರಮ್ಮ ಚಹಾ ತಂದರೆ ಗುಮಾಸ್ತರು ಮುಟ್ಟಲಿಲ್ಲ. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಬೇಕಾದರೆ ಏಳಬೇಕು. "ಉಪವಾಸಾನೂ ಸೇರಿಸಿದಾರೆ ನೋಡ್ರೋ," ಎಂದು ಹಿಂದಿನ ಸಾಲಿನವರು ಪಿಸುಗುಟ್ಟಿದರು.

"ಪೊಲೀಸ್ನೋರು ಬರ್ತಾರಾ?" ಗುಮಾಸ್ತರು ಮೆಲ್ಲಗೆ ಕಾರ್ಯದರ್ಶಿಯನ್ನು ಕೇಳಿದರು.

"ಹೆದರಬೇಡಿ ಅಣ್ಣಾ."

"ಹೆದರಿಕೆ ಅಲ್ಲಪ್ಪ. ಬಂದ್ರೆ ಕೈಕಾಲು ಹಿಡಿದು ಎತ್ಕೊಂಡು ಹೋಗ್ತಾರಲ್ಲ?"

"ನೋಡಿ, ಇದು ಗುಂಡಿಗೆ ಅಂದ್ರೆ," ಎಂದು ಕಾರ್ಯದರ್ಶಿ ಎಲ್ಲರಿಗೂ ಕೇಳುವಂತೆ ಹೇಳಿದ. ಚಪ್ಪಾಳೆ ಬಿತ್ತು.

ಪೊಲೀಸರು ಬರಲಿಲ್ಲ, ಮ್ಯಾನೇಜರು ಬಂದರು. ದಪ್ಪನೆಯ ಆಳು, ಗಂಟಿಕ್ಕಿದ ಹುಬ್ಬು. "ಏನ್ರೀ ಇದು?" ಎಂದು ಗುಮಾಸ್ತರನ್ನೇ ನೋಡಿದರು. ಗುಮಾಸ್ತರ ಅರ್ಜಿಗೆ ಸಹಿ ಹಾಕಬೇಕಾದವರು ಇವರೇ. ಎದ್ದು ನಿಂತು ನಮಸ್ಕಾರ ಮಾಡುವುದಕ್ಕೂ ಗತಿಯಿಲ್ಲ.

"ನಿಂತ್ಕೊಂಡು ಗದರೋದಲ್ಲ ಸಾರ್," ಎಂದ ಕಾರ್ಯದರ್ಶಿ. "ನಮ್ಮ ಸಮಕ್ಕೆ ಕೂತು ಮಾತಾಡಿ."

ಅಷ್ಟು ಜನರ ಮುಂದೆ ಒಲ್ಲೆ ಎನ್ನಲಾಗದೆ ಮ್ಯಾನೇಜರು ಗುಮಾಸ್ತರ ಎದುರಿಗೇ ಧಪ್ಪೆಂದು ಕೂತರು. ಮೆಟ್ಟಿಲಿನ ಮಹಿಮೆ, ಹೃದಯ, ರಕ್ತದೊತ್ತಡ ಎಂದೆಲ್ಲ ದೊಡ್ಡ ಭಾಷಣ ಶುರುವಾಯಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಅವರು ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ ವಾಲಿದರು, ಹಣೆ ಒರೆಸಿಕೊಂಡರು. ಆಮೇಲೆ ಇದ್ದಕ್ಕಿದ್ದ ಹಾಗೆ, "ಸರಿ, ನಾಳೇನೇ ಲಿಫ್ಟ್ ರಿಪೇರಿ. ಒಪ್ಪಿದೆ. ಎಲ್ಲರೂ ಹೊರಡಿ," ಎಂದುಬಿಟ್ಟರು.

ಕಚೇರಿಯೇ ಕುಣಿಯಿತು. ಗುಮಾಸ್ತರು ಮಾತ್ರ ಕೂತೇ ಇದ್ದರು.

"ಏಳಿ ಅಣ್ಣಾ, ಗೆದ್ವಿ."

"ನೀವು ನಡೀರಿ. ಸಾಹೇಬರ ಹತ್ರ ಸ್ವಲ್ಪ ಮಾತಿದೆ."

"ಹೌದು, ನನಗೂ ಇವರ ಹತ್ರ ಮಾತಿದೆ," ಎಂದರು ಮ್ಯಾನೇಜರು.

ಎಲ್ಲರೂ ಹೋದರು. ಇಬ್ಬರೂ ಎದುರುಬದುರು ಕೂತು ನೆಲ ನೋಡಿದರು.

"ನಿಮ್ಮ ಅರ್ಜಿ ನನ್ನ ಮೇಜಿನ ಮೇಲಿದೆ."

"ಗೊತ್ತು ಸಾರ್."

"ಸಂಜೆ ನೋಡ್ತೀನಿ. ನೀವು ಹೊರಡಿ."

"ಮೊದಲು ತಾವು ಸಾರ್. ದೊಡ್ಡವರು."

"ಪರವಾಗಿಲ್ಲ, ನೀವು."

"ತಾವು ಕೂತಿರೋವಾಗ ನಾನು ಏಳೋದಾ? ಮರ್ಯಾದೆ ಅಲ್ಲ."

ಮರ್ಯಾದೆಯ ಈ ಹಗ್ಗಜಗ್ಗಾಟ ಬಹಳ ಹೊತ್ತು ನಡೆಯಿತು. ಕೊನೆಗೆ ಮ್ಯಾನೇಜರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ರೀ, ಒಂದು ವಿಷಯ. ನಿಮಗೆ ಕೂತಲ್ಲಿಂದ ಏಳೋಕೆ... ಬರತ್ತಾ?"

ಗುಮಾಸ್ತರಿಗೆ ಸುಳ್ಳು ಹೇಳಬೇಕೆನಿಸಿತು. ಆದರೆ ಆ ಮುಖದಲ್ಲಿ ಗಂಟು ಸಡಿಲವಾಗಿ, ತನ್ನ ಮುಖದಲ್ಲಿದ್ದ ಭಯವೇ ಅಲ್ಲೂ ಕೂತಿತ್ತು.

"ಇಲ್ಲ ಸಾರ್. ಬೆಳಿಗ್ಗೆಯಿಂದ ಅದೇ ಪ್ರಯತ್ನ."

"ಅಂದ್ರೆ ಧರಣಿ?"

"ಅದು ಅವರದು ಸಾರ್. ನನ್ನದು ಮಂಡಿ."

ಮ್ಯಾನೇಜರು ಮೊದಲು ಕೆಮ್ಮಿದರು, ಆಮೇಲೆ ನಕ್ಕರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾನು ಅಷ್ಟು ಬೇಗ ಯಾಕೆ ಒಪ್ಪಿದೆ ಅಂದ್ಕೊಂಡ್ರಿ? ಸೊಂಟದಿಂದ ಕೆಳಗೆ ಏನಿದೆ ಅಂತಾನೇ ಗೊತ್ತಾಗ್ತಿರಲಿಲ್ಲ."

ಗುಮಾಸ್ತರ ಎದೆಯ ಮೇಲಿಂದ ಯಾರೋ ಕಲ್ಲು ಚಪ್ಪಡಿ ಇಳಿಸಿದ ಹಾಗಾಯಿತು. ತಾನೊಬ್ಬನೇ ಅಲ್ಲ. ಅಧಿಕಾರದ ಕೆಳಗೂ ಇರುವುದು ಇದೇ ಮಂಡಿ.

ಇಬ್ಬರೂ ತೆವಳಿಕೊಂಡು ಬೆನ್ನಿಗೆ ಬೆನ್ನು ಕೊಟ್ಟು ಕೂತರು. ತೋಳಿಗೆ ತೋಳು ಸಿಕ್ಕಿಸಿಕೊಂಡು, ಒಬ್ಬರನ್ನೊಬ್ಬರು ಒತ್ತುತ್ತ, ನರಳುತ್ತ, "ನೀವು ಆತುರ ಪಡ್ತೀರಿ", "ತಾವು ಭಾರ ಬಿಡ್ತೀರಿ ಸಾರ್" ಎಂದು ಜಗಳವಾಡುತ್ತ, ಇಂಚಿಂಚಾಗಿ ಮೇಲೆದ್ದು ನಿಂತರು. ನಿಂತ ಮೇಲೂ ಸ್ವಲ್ಪ ಹೊತ್ತು ತೋಳು ಬಿಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಗುಮಾಸ್ತರು ಮೊದಲು ಬಚ್ಚಲಿಗೆ ಓಡಿದರು. ಹೊರಬಂದಾಗ ಮ್ಯಾನೇಜರು ಕಾಗದ ಹಿಡಿದು ನಿಂತಿದ್ದರು. 'ದೈಹಿಕವಾಗಿ ಸಮರ್ಥರು' ಎಂದು ಬರೆದು ಸಹಿ ಹಾಕಿದ್ದರು.

"ಇಲ್ಲಿ ನಡೆದದ್ದು ಹೊರಗೆ ಬಿತ್ತೋ, ಈ ಕಾಗದ ಸುಳ್ಳಾಗತ್ತೆ. ನಿಮ್ಮ ಕೆಲಸಾನೂ ಹೋಗತ್ತೆ, ನನ್ನದೂ ಹೋಗತ್ತೆ. ತಿಳೀತಾ?"

"ತಿಳೀತು ಸಾರ್." ಗುಮಾಸ್ತರು ಕಾಗದವನ್ನು ಮಡಿಸಿ ಅಂಗಿಯ ಒಳಜೇಬಿಗೆ ಸೇರಿಸಿದರು. ಇನ್ನೆರಡು ವರ್ಷ ನಿಶ್ಚಿಂತೆ. ಅವರು ತುಂಬ ದಿನಗಳ ಮೇಲೆ ಎದೆ ತುಂಬ ಉಸಿರೆಳೆದುಕೊಂಡರು.

ಆ ಉಸಿರು ಹೊರಗೆ ಬರುವ ಮೊದಲೇ ಕಾರ್ಯದರ್ಶಿ ಬಂದು ತಟ್ಟೆ ತುಂಬ ಬಿಸ್ಕತ್ತು ಮುಂದೆ ಹಿಡಿದ. ಹಿಂದೆ ಇಡೀ ಕಚೇರಿ.

"ಅಣ್ಣಾ, ಎಲ್ಲರೂ ಸೇರಿ ತೀರ್ಮಾನ ಮಾಡಿದೀವಿ. ಇನ್ಮೇಲೆ ನೀವೇ ನಮ್ಮ ಮುಂದಾಳು. ಸೋಮವಾರದಿಂದ ಕ್ಯಾಂಟೀನಿಗೋಸ್ಕರ ಧರಣಿ. ಬೆಳಿಗ್ಗೆಯಿಂದ ಸಂಜೆವರೆಗೆ. ನೆಲದ ಮೇಲೆ."

ಗುಮಾಸ್ತರ ಕೈಯಲ್ಲಿದ್ದ ಬಿಸ್ಕತ್ತು ಮುರಿಯಿತು. "ನಿಂತ್ಕೊಂಡು ಮಾಡೋಕಾಗಲ್ವಾ?"

"ಅಣ್ಣನ ತಮಾಷೆ ನೋಡ್ರಪ್ಪಾ," ಎಂದು ಎಲ್ಲರೂ ನಕ್ಕರು.

ಗುಮಾಸ್ತರು ಆಸೆಯಿಂದ ಮ್ಯಾನೇಜರ ಕಡೆ ತಿರುಗಿದರು. ಮ್ಯಾನೇಜರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು, "ಮಾಡ್ಕೊಳ್ಳಿ. ಆದ್ರೆ ಈ ಸಲ ನಾನು ಕುರ್ಚಿ ಹಾಕಿಸ್ಕೊಂಡೇ ಮಾತಾಡೋದು," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಅದೇನ್ ಸಾರ್, ನೀವಿಬ್ರೇ ಅಷ್ಟು ಹೊತ್ತು ಮಾತಾಡಿದ್ದು?" ಕ್ಯಾಷಿಯರಮ್ಮ ಕಿವಿ ಹತ್ತಿರ ತಂದರು.

ನಿಜ ಹೇಳಿದರೆ ಸೋಮವಾರ ತಪ್ಪುತ್ತಿತ್ತು, ಒಳಜೇಬಿನ ಕಾಗದವೂ ತಪ್ಪುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಗುಮಾಸ್ತರು ಆಕೆಯನ್ನು ನೋಡಿದರು, ಕಾದು ನಿಂತ ಅಷ್ಟೂ ಮುಖಗಳನ್ನು ನೋಡಿದರು. ಇವರಿಗಿರಲಿ, ಹೆಂಡತಿಗೂ ಹೇಳುವುದಿಲ್ಲ ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಿ, ಬಾಯಿಗೆ ಎರಡು ಬಿಸ್ಕತ್ತು ಒಟ್ಟಿಗೇ ತುಂಬಿಕೊಂಡರು.