ಸೂರ್ಯ ಬೆನ್ನ ಹಿಂದೆ ಹುಟ್ಟಿದ ಊರು

ಪ್ರವಾಸದ ವ್ಯವಸ್ಥೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಟೊರಾಂಟೊದ ನಮ್ಮ ಇಡೀ ಎಟೋಬಿಕೋಕ್ ಬಡಾವಣೆಯಲ್ಲಿ ಯಾರೂ ಇಲ್ಲ ಎಂದು ೨೦೧೭ರ ಬೇಸಿಗೆಯವರೆಗೆ ನಾನು ದೃಢವಾಗಿ ನಂಬಿದ್ದೆ. ನನ್ನ ಹೆಂಡತಿ ವಿಜಯಾ ನಂಬಿರಲಿಲ್ಲ. ಆದರೆ ಅವಳು ನಂಬದೇ ಇರುವ ಸಂಗತಿಗಳು ಬಹಳ ಇವೆ. ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಂಡರೆ ಸಂಸಾರ ನಡೆಯುವುದಿಲ್ಲ.

ಆ ವರ್ಷ ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತ್ತು. ಏನು ಬೇಕು ಎಂದು ಕೇಳಿದೆ.

“ಎಲ್ಲಾದ್ರೂ ಸಮುದ್ರದ ದಂಡಿಗೆ ಕರ್ಕೊಂಡು ಹೋಗ್ರಿ,” ಎಂದಳು. “ನೀರಾಗ ಕಾಲು ಬಿಟ್ಕೊಂಡು ಸುಮ್ನ ಕುಂಡರ್ತೇನಿ. ಯಾರೂ ನನಗ ಏನೂ ಕೇಳಬಾರದು, ಏನೂ ತೋರಸಬಾರದು.”

ಬಹಳ ಸುಲಭವಾದ ಬೇಡಿಕೆ. ಆದ್ದರಿಂದಲೇ ನನಗೆ ಸಮಾಧಾನವಾಗಲಿಲ್ಲ. ಸಮುದ್ರವಿಲ್ಲದ ಹುಬ್ಬಳ್ಳಿಯಿಂದ ಬಂದವರು ನಾವು. ಅಷ್ಟು ದೂರ ಹೋಗಿ ಸುಮ್ಮನೆ ಕೂತು ಬರುವುದೆಂದರೇನು? ನೋಡಬೇಕು, ಹತ್ತಬೇಕು, ಇಳಿಯಬೇಕು, ಫೋಟೋ ತೆಗೆಯಬೇಕು! ಇಟಲಿಗೇ ಹೋಗುವುದೆಂದು ತೀರ್ಮಾನಿಸಿದೆ.

ನಮ್ಮ ಪಕ್ಕದ ಮನೆಯಲ್ಲಿ ವಿತೋ ಎಂಬ ಇಟಲಿಯ ಮುದುಕ ಇದ್ದಾನೆ. ಅವನದೂ ನಮ್ಮದೂ ಬಂಗಲೋ. ಕೆನಡಾದಲ್ಲಿ ಬಂಗಲೋ ಎಂದರೆ ಒಂದೇ ಅಂತಸ್ತಿನ ಸಣ್ಣ ಮನೆ. ಊರಿನಲ್ಲಿ ನನ್ನ ಅತ್ತೆ “ನಮ್ಮ ಅಳಿಯಾ ಬಂಗಲೆದಾಗ ಅದಾನ” ಎಂದು ಹೇಳಿಕೊಂಡು ತಿರುಗುತ್ತಾರೆ. ನಾನು ಇನ್ನೂ ತಿದ್ದಿಲ್ಲ. ಚಳಿಗಾಲ ಬರುವ ಮುನ್ನ ವಿತೋನ ಅಂಜೂರದ ಗಿಡವನ್ನು ಬಗ್ಗಿಸಿ ಮಣ್ಣಿನಲ್ಲಿ ಹೂಳಲು ನಾನು ಹಾರೆ ಹಿಡಿಯುತ್ತೇನೆ. ಬೇಸಿಗೆಯಲ್ಲಿ ಅವನು ಟೊಮ್ಯಾಟೊ ಕೊಡುತ್ತಾನೆ. ವಿಜಯಾ ಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಅವನು ಪಾಸ್ತಾದ ಮೇಲೆ ಉದುರಿಸಿಕೊಂಡು ತಿನ್ನುತ್ತಾನೆ. ಬಸವರಾಜ ಎಂಬ ನನ್ನ ಹೆಸರು ಬಾಯಿಗೆ ಹತ್ತದೆ ‘ಬಾಸ್’ ಎಂದು ಕರೆಯುತ್ತಾನೆ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಈ ಪದವಿ ನನಗೆ ಇನ್ಯಾರೂ ಕೊಟ್ಟಿಲ್ಲ.

ಈ ವಿತೋನ ಹುಟ್ಟೂರು ಪೋರ್ತೊ ಸಾನ್ ಬಿಯಾಜೊ ಎಂಬ ಸಣ್ಣ ಬಂದರು. ನಾವು ಇಟಲಿಗೆ ಹೋಗುವ ಮಾತು ಕಿವಿಗೆ ಬಿದ್ದದ್ದೇ ತಡ, ಮುದುಕ ಬೇಲಿ ಹಿಡಿದುಕೊಂಡು ನಿಂತುಬಿಟ್ಟ. ರೋಮಿನಿಂದ ಇಡೀ ದಿನ ರೈಲು. ಬೆಳಿಗ್ಗೆ ಸಮುದ್ರದಿಂದ ಸೂರ್ಯ ಮೇಲೆ ಬರುವುದನ್ನು ನೋಡಬೇಕು. ಮೆಟ್ಟಿಲು ಹತ್ತಿ ಚರ್ಚಿಗೆ ಹೋಗಬೇಕು, ಅದಕ್ಕೆ ನೀಲಿ ಗುಮ್ಮಟ. ಕಾರಂಜಿಯ ಪಕ್ಕ ಕೂತು ನಿಂಬೆಹಣ್ಣಿನ ಐಸ್ ತಿನ್ನಬೇಕು. ಕೊನೆಗೆ ಬಂದರಿನ ಎದುರಿಗೆ ಮೀನಂಗಡಿ ಇಟ್ಟಿರುವ ತಂಗಿ ಕೊಂಚೆತ್ತಾಳಿಗೆ ಕೆನಡಾದ ಮೇಪಲ್ ಸಿರಪ್ಪಿನ ಬಾಟಲಿ ಮುಟ್ಟಿಸಿ, ಶನಿವಾರ ಮಧ್ಯಾಹ್ನ ಅವಳ ಮನೆಯಲ್ಲೇ ಊಟ ಮಾಡಬೇಕು.

“ಅವಳ ಫೋನ್ ನಂಬರ್ ಬರ್ಕೋ ಬಾಸ್,” ಎಂದ ಇಂಗ್ಲಿಷಿನಲ್ಲಿ.

“ಏನೂ ಬೇಡ,” ಎಂದೆ ನಾನು. “ಊರಿಗೆ ಹೋದಮೇಲೆ ಕೇಳಿದರಾಯಿತು.”

“ಕರೆಕ್ಟ್! ಯು ಆಸ್ಕ್ ಎನಿಬಡಿ. ಎವ್ರಿಬಡಿ ನೋಸ್ ಕೊಂಚೆತ್ತಾ!”

ಮನೆಗೆ ಬಂದು ಊರಿನ ಹೆಸರು ಟೈಪ್ ಮಾಡಿದೆ. ಮೊದಲು ಬಂದದ್ದನ್ನು ಒತ್ತಿದೆ. ಸಮುದ್ರಕ್ಕೆ ಮುಖ ಮಾಡಿದ ಕೋಣೆ ಸಿಕ್ಕಿತು. ಕಾಲೇಜಿನಲ್ಲಿ ಓದುವ ಮಗಳು ಅದಿತಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಅಪ್ಪಾ, ಆರ್ ಯು ಶೂರ್ ಇದೇ ಊರು? ಲೆಟ್ ಮಿ ಚೆಕ್. ಅಲ್ಲಿ ಏನೇನು ಮಾಡಬಹುದು ಅಂತ ಒಂದು ಸೈಟ್ ಕೂಡ ಇದೆ.”

“ಸೈಟ್ ಯಾಕ ಬೇಕವ್ವಾ? ಆ ಊರಾಗ ಹುಟ್ಟಿದ ಮನಷ್ಯಾನ ಬಾಜೂಕ ಅದಾನ!”

ಈ ಮಾತನ್ನು ಅವಳು ಇವತ್ತಿಗೂ ನನ್ನದೇ ದನಿಯಲ್ಲಿ ಹೇಳಿ ತೋರಿಸುತ್ತಾಳೆ.

ಅದಿತಿಯೂ ಸೇರಿ ಮೂವರೂ ರೋಮಿನಿಂದ ರೈಲು ಹತ್ತಿದೆವು. ಬುತ್ತಿಯ ಚಪಾತಿ ಬಿಚ್ಚುವ ಮೊದಲೇ ಊರು ಬಂದುಬಿಟ್ಟಿತು!

“ಇಡೀ ದಿನಾ ಅಂದಿದ್ರು?” ಎಂದಳು ವಿಜಯಾ.

“ವಿತೋ ಊರು ಬಿಟ್ಟು ಎಷ್ಟ ವರ್ಷ ಆತು? ಅಭಿವೃದ್ಧಿ ಅಂಬೋದು ಇರ್ತೈತಿಲ್ಲೋ?”

ಇಟಲಿಯ ರೈಲ್ವೆ ಇಲಾಖೆಯ ಪ್ರಗತಿಯ ಬಗ್ಗೆ ಸ್ಟೇಷನ್ನಿನಿಂದ ಹೋಟೆಲಿನ ತನಕ ಸಣ್ಣ ಉಪನ್ಯಾಸವನ್ನೇ ಕೊಟ್ಟೆ.

ಊರು ನಿಜಕ್ಕೂ ಚೆಂದವಿತ್ತು. ಹಳದಿ, ಗುಲಾಬಿ ಬಣ್ಣದ ಮನೆಗಳು, ಕಿಟಕಿಯಿಂದ ಕಿಟಕಿಗೆ ಒಣಹಾಕಿದ ಬಟ್ಟೆ, ಕೆಳಗೆ ಹಸಿರುನೀಲಿ ನೀರು. ವಿಜಯಾ ಅಲ್ಲೇ ಚಪ್ಪಲಿ ಬಿಡಲು ಹೊರಟಳು. ನಾನು ಬಿಡಲಿಲ್ಲ. ಕಾರ್ಯಕ್ರಮವಿತ್ತಲ್ಲ!

ಮರುದಿನ ನಸುಕಿನಲ್ಲಿ ಇಬ್ಬರನ್ನೂ ಎಬ್ಬಿಸಿ ದಂಡೆಗೆ ಕರೆತಂದೆ. ಮೂವರೂ ಸಮುದ್ರಕ್ಕೆ ಮುಖಮಾಡಿ, ಫೋನಿನ ಕ್ಯಾಮೆರಾ ಹಿಡಿದು ನಿಂತೆವು. ಬೆಳಕಾಯಿತು. ಇನ್ನೂ ಬೆಳಕಾಯಿತು. ಸೂರ್ಯ ಮಾತ್ರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಬೋಳು ತಲೆಯ ಹಿಂಭಾಗ ಬೆಚ್ಚಗಾಗತೊಡಗಿತು.

“ರೀ,” ಎಂದಳು ವಿಜಯಾ ಮೆಲ್ಲಗೆ. “ಸೂರ್ಯಾ ಹಿಂದಿಂದ ಬಂದ್ನಲ್ರೀ!”

ತಿರುಗಿ ನೋಡಿದೆ. ಊರ ಹಿಂದಿನ ಗುಡ್ಡದ ಮೇಲೆ ಸೂರ್ಯನಾರಾಯಣ ಆರಾಮಾಗಿ ಕೂತಿದ್ದ.

“ಯುರೋಪಿನಾಗ ಬ್ಯಾಸಗಿಗೆ ಹಿಂಗ ಆಗತೈತಿ,” ಎಂದೆ. “ಭೂಮಿ ವಾಲಿರ್ತೈತಿ.”

ಹೈಸ್ಕೂಲಿನಲ್ಲಿ ನನಗೆ ಭೂಗೋಳ ಕಲಿಸಿದ ಮಾಸ್ತರರು ಅಲ್ಲಿದ್ದಿದ್ದರೆ ಸಮುದ್ರಕ್ಕೆ ಹಾರುತ್ತಿದ್ದರು.

ಆಮೇಲೆ ಚರ್ಚು. ಮೆಟ್ಟಿಲುಗಳಿದ್ದವು! ಏದುಸಿರು ಬಿಡುತ್ತ ಹತ್ತಿದೆವು. ಗುಮ್ಮಟವೂ ಇತ್ತು! ಬಣ್ಣ ಮಾತ್ರ ಹಳದಿ. “ಪೇಂಟ್ ಬದಲ ಮಾಡ್ಯಾರ,” ಎಂದೆ. ಕಾರಂಜಿ ಇತ್ತು, ಪಕ್ಕದಲ್ಲಿ ನಿಂಬೆಯ ಐಸ್ ಮಾರುವವನೂ ಇದ್ದ. ಒಂದೊಂದು ಸಿಕ್ಕಾಗಲೂ ನನ್ನ ಎದೆ ಉಬ್ಬುತ್ತಿತ್ತು. ನಮ್ಮ ಕಡೆ ಊರಿಗೊಂದು ಹನುಮಪ್ಪನ ಗುಡಿ, ಗುಡಿಗೊಂದು ಕಟ್ಟೆ, ಕಟ್ಟೆಗೊಂದು ಬೇವಿನಮರ ಇದ್ದೇ ಇರುತ್ತದೆ ಎಂಬ ಸಾಮಾನ್ಯ ಸಂಗತಿ ಆಗ ನನ್ನ ತಲೆಗೆ ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು!

ಊಟದ ಹೊತ್ತಿಗೆ ನನ್ನ ಇಟಾಲಿಯನ್ ಭಾಷಾಜ್ಞಾನವನ್ನು ಪ್ರಕಟಿಸುವ ಸಂದರ್ಭ ಒದಗಿತು. ನಾವು ಶುದ್ಧ ಶಾಕಾಹಾರಿಗಳು. ಮೀನು ಬೇಡ ಎಂಬುದನ್ನು ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದೆ. ವೇಟರನಿಗೆ ಗಂಭೀರವಾಗಿ “ನಿಯೆಂತೆ ಪೆಸ್ಕೆ” ಎಂದೆ. ಅವನು ಅಚ್ಚರಿಯಿಂದ ನೋಡಿ ತಲೆಯಾಡಿಸಿ ಹೋದ. ತಟ್ಟೆ ಬಂತು. ಪಾಸ್ತಾದ ಮೇಲೆ ಇಡೀ ಮೀನೊಂದು ಮಲಗಿಕೊಂಡು ನನ್ನನ್ನೇ ದಿಟ್ಟಿಸುತ್ತಿತ್ತು!

ಅದಿತಿ ಫೋನಿನಲ್ಲಿ ಹುಡುಕಿ ನಗಲು ಶುರುಮಾಡಿದಳು. “ಅಪ್ಪಾ, ಮೀನಿಗೆ ‘ಪೆಶೆ’ ಅನ್ಬೇಕು. ಪೆಸ್ಕೆ ಈಸ್ ಪೀಚಸ್! ಯು ಟೋಲ್ಡ್ ಹಿಮ್ ನೋ ಪೀಚಸ್!”

ಅವನು ಪ್ರಾಮಾಣಿಕ ಮನುಷ್ಯ. ಪೀಚ್ ಹಣ್ಣು ಒಂದು ಚೂರೂ ಹಾಕಿರಲಿಲ್ಲ.

ಶನಿವಾರ ಬಂತು. ಇದು ಮಾತ್ರ ತಪ್ಪಬಾರದು ಎಂದುಕೊಂಡೆ, ಏಕೆಂದರೆ ಇದು ನನ್ನ ಮೋಜಲ್ಲ, ಮುದುಕನ ಮನಸ್ಸಿನ ಮಾತು. ಇಸ್ತ್ರಿ ಅಂಗಿ ತೊಟ್ಟು, ಬಾಟಲಿ ಎದೆಗವಚಿಕೊಂಡು ಬಂದರಿಗೆ ನಡೆದೆ. ಎದುರಿಗೇ ಮೀನಂಗಡಿ! ಒಳಗೆ ರಬ್ಬರಿನ ಏಪ್ರನ್ ಕಟ್ಟಿದ, ಬಿಳಿಕೂದಲಿನ ದಪ್ಪ ಅಜ್ಜಿ ಮೀನು ಕೊಯ್ಯುತ್ತಿದ್ದಳು. ವಿಜಯಾ ಮೂಗಿಗೆ ಸೆರಗಿಲ್ಲದ ಕಾರಣ ನನ್ನ ಕರವಸ್ತ್ರ ಹಿಡಿದುಕೊಂಡಳು.

“ಕೊಂಚೆತ್ತಾ?” ಎಂದೆ.

“ಸೀ,” ಎಂದಳು. ಹೌದು!

ಹೆಂಡತಿ, ಮಗಳ ಕಡೆ ವಿಜಯದ ನೋಟ ಬೀರಿದೆ. ನಂತರ ವಿತೋ ಬೇಲಿಯ ಬಳಿ ನಿಲ್ಲಿಸಿ ನನ್ನಿಂದ ಎಷ್ಟೋ ಸಲ ಹೇಳಿಸಿದ್ದ ಮಾತನ್ನು ಸ್ಪಷ್ಟವಾಗಿ ಒಪ್ಪಿಸಿದೆ. “ವಿತೋ ನೊನ್ ತಿ ಆ ದಿಮೆಂತಿಕಾತೊ.” ವಿತೋ ನಿನ್ನನ್ನು ಮರೆತಿಲ್ಲ!

ಅಜ್ಜಿಯ ಕೈಯಲ್ಲಿದ್ದ ಚೂರಿ ನಿಂತಿತು. ಮುಖ ಬೆಳ್ಳಗಾಯಿತು, ಆಮೇಲೆ ಕೆಂಪಗಾಯಿತು. “ವಿತೋ?” ಎಂದಳು. “ವಿತೋ!” ಎಂದು ಕೂಗಿದಳು.

“ನೋಡು, ತಂಗಿ ಕರಳು ಅಂದ್ರ ಇದು,” ಎಂದು ವಿಜಯಾಳಿಗೆ ಹೇಳಿದೆ. ನನ್ನ ಕಣ್ಣೂ ತುಂಬಿಬಂದಿತ್ತು.

ಆಗ ಒದ್ದೆಯಾದ ಮೀನೊಂದು ನನ್ನ ಕೆನ್ನೆಗೆ ಬಡಿಯಿತು.

ತಲೆತಲಾಂತರದಿಂದ ಮೊಟ್ಟೆಯನ್ನೂ ಮುಟ್ಟದ ಮನೆತನ ನಮ್ಮದು! ಅಜ್ಜಿ ಮತ್ತೊಂದಕ್ಕೆ ಕೈಹಾಕಿದ್ದಳು. ಬೀದಿಯ ಜನವೆಲ್ಲ ಸೇರಿತು. ಕೆಲವು ಕಾಲ ಆಸ್ಟ್ರೇಲಿಯಾದಲ್ಲಿದ್ದ ಪಕ್ಕದ ಕಾಫಿ ಅಂಗಡಿಯವ ಓಡಿಬಂದು ಅವಳ ಕೈ ಹಿಡಿದ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಮಗೆ ಇಂಗ್ಲಿಷಿನಲ್ಲಿ ತಿಳಿಸಿದ. ಚಿಕ್ಕವಳಿದ್ದಾಗ ಇವಳಿಗೆ ವಿತೋ ಎಂಬವನ ಜೊತೆ ಮದುವೆ ಗೊತ್ತಾಗಿತ್ತು. ದುಡಿದು ಬರುತ್ತೇನೆಂದು ಹಡಗು ಹತ್ತಿದವನು ಒಂದು ಕಾಗದವನ್ನೂ ಬರೆಯಲಿಲ್ಲ. ಇವಳು ಬೇರೆಯವನನ್ನು ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳಾಗಿ ಸುಖವಾಗಿದ್ದಾಳೆ. ಆದರೆ ಸಿಟ್ಟು ಹಾಗೆಯೇ ಇದೆ.

“ಆ ಪಾಪಿ ಈಗ ಒಂದು ಬಾಟಲಿ ಸಕ್ಕರೆಪಾಕ ಕಳಿಸಿದ್ದಾನೋ, ಅಂತ ಕೇಳ್ತಿದ್ದಾಳೆ,” ಎಂದ.

ನಾನು ದಿಗ್ಭ್ರಾಂತನಾದೆ. ನಮ್ಮ ವಿತೋ ಎಂಥವನು! ತಂಗಿ ಎಂದು ಹೇಳಿ ನನ್ನ ಕೈಯಲ್ಲಿ ಇಂಥ ಕೆಲಸ ಮಾಡಿಸಿದನೇ?

“ಆ ಮುದುಕಗ ಫೋನ್ ಹಚ್ಚವ್ವಾ ಅದಿತಿ,” ಎಂದಳು ವಿಜಯಾ. “ಇವರ ಬಾಯಾಗ ಏನೂ ಬಗೆಹರಿಯೂದಿಲ್ಲ.”

ಅಲ್ಲಿ ಟೊರಾಂಟೊದಲ್ಲಿ ಆಗಷ್ಟೇ ಬೆಳಗಾಗಿತ್ತು. ಟೊಮ್ಯಾಟೊ ಗಿಡಕ್ಕೆ ನೀರು ಹಾಕುತ್ತಿದ್ದ ವಿತೋ ವಿಡಿಯೋದಲ್ಲಿ ಬಂದ. ಅಜ್ಜಿ ಏಪ್ರನ್ನಿಗೆ ಕೈ ಒರೆಸಿ, ಕೂದಲು ಸರಿಮಾಡಿ, ಇಷ್ಟು ವರ್ಷ ಕೂಡಿಟ್ಟ ಬೈಗುಳಕ್ಕೆಲ್ಲ ಉಸಿರು ತುಂಬಿಕೊಂಡು ಫೋನಿನ ಮುಂದೆ ನಿಂತಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಇವಳ್ಯಾರು?” ಎಂದ ವಿತೋ.

“ಇವನ್ಯಾರು?” ಎಂದಳು ಕೊಂಚೆತ್ತಾ.

ಇಬ್ಬರೂ ನನ್ನ ಕಡೆ ನೋಡಿದರು.

“ಬಾಸ್,” ಎಂದ ವಿತೋ, ಬಹಳ ಶಾಂತವಾಗಿ. “ಶೋ ಮಿ ದ ಸೀ.”

ಅದಿತಿ ಫೋನನ್ನು ಸಮುದ್ರದತ್ತ ತಿರುಗಿಸಿದಳು. ಮುದುಕ ಕ್ಷಣಕಾಲ ನೋಡಿ ತಲೆ ಅಲ್ಲಾಡಿಸಿದ.

“ಬಾಸ್, ದಟ್ ಈಸ್ ನಾಟ್ ಮೈ ಸೀ. ಮೈ ಸೀ ಈಸ್ ಆನ್ ದಿ ಅದರ್ ಸೈಡ್!”

ಪೋರ್ತೊ ಸಾನ್ ಬಿಯಾಜೊ ಎಂಬ ಹೆಸರಿನ ಊರು ಇಟಲಿಯಲ್ಲಿ ಎರಡಿವೆ. ನಕ್ಷೆಯಲ್ಲಿ ಇಟಲಿ ಬೂಟಿನ ಹಾಗೆ ಕಾಣುತ್ತದಲ್ಲ? ವಿತೋನ ಊರು ಬೂಟಿನ ಹಿಮ್ಮಡಿಯಲ್ಲಿದೆ, ಪೂರ್ವದ ದಂಡೆಗೆ. ನಾನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಪಶ್ಚಿಮದ ದಂಡೆಗೆ, ಮೀನಖಂಡಕ್ಕೆ ಬಂದು ಇಳಿದಿದ್ದೆ!

ಕಾಫಿ ಅಂಗಡಿಯವ ಇದನ್ನು ಅಜ್ಜಿಗೆ ಬಿಡಿಸಿ ಹೇಳಿದ. ಅವಳು ನಕ್ಕಳು ನೋಡಿ, ಮೀನಿನ ಐಸಿನ ಪೆಟ್ಟಿಗೆಯ ಮೇಲೆ ಕೈಯೂರಿ, ಕಣ್ಣೀರು ಸುರಿಯುವ ತನಕ! ವಿತೋ ಅತ್ತ ನಕ್ಕ. ಬೀದಿ ನಕ್ಕಿತು. ವಿಜಯಾ ಕಾಫಿ ಅಂಗಡಿಯ ಕುರ್ಚಿಯಲ್ಲಿ ಕುಸಿದು ಕೂತು ನಕ್ಕಳು. ಮದುವೆಯಾದಾಗಿನಿಂದ ಅವಳು ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕೆನ್ನೆಯ ಮೇಲಿನ ಮೀನಿನ ಪರೆ ತೆಗೆಯುತ್ತ ನಾನೂ ಸ್ವಲ್ಪ ನಕ್ಕೆ.

ಆದರೆ ನಿಜವಾದ ಕೊಂಚೆತ್ತಾ ಅತ್ತ ಹಿಮ್ಮಡಿಯಲ್ಲಿ ಮೇಜು ಹಾಸಿ ನಮಗಾಗಿ ಕಾಯುತ್ತಿದ್ದಳು! ನಮಗೆ ಮೀನು ಆಗದೆಂದು ಅಣ್ಣನಿಂದ ತಿಳಿದು ಬೆಳಗಿನಿಂದ ಬದನೆಕಾಯಿ ಹುರಿದಿದ್ದಳಂತೆ. ಈ ಸುದ್ದಿ ಕೇಳಿ ನನ್ನ ನಗು ಬತ್ತಿತು. ವಿತೋ ನಂಬರ್ ಕೊಟ್ಟ, ಫೋನ್ ಹಚ್ಚಿದೆವು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ. ನಾನು ಕಲಿತ ಕ್ಷಮೆಯ ಇಟಾಲಿಯನ್ ಶಬ್ದ ಇದ್ದದ್ದು ಒಂದೇ. ಅದನ್ನೇ ಜಪಮಾಲೆ ತಿರುಗಿಸಿದ ಹಾಗೆ ಹೇಳುತ್ತ ನಿಂತೆ. ಕೊನೆಗೆ ಮೀನಂಗಡಿಯ ಕೊಂಚೆತ್ತಾ ಫೋನ್ ಕಸಿದುಕೊಂಡು, ಆ ಕೊಂಚೆತ್ತಾಳ ಜೊತೆ ತಾನೇ ಮಾತಿಗಿಳಿದಳು. ಮಾತು ಮುಗಿಯಲೇ ಇಲ್ಲ. ನಡುನಡುವೆ ಇಬ್ಬರೂ “ಇಂಡಿಯಾನೊ” ಎಂದು ಹೇಳಿ ನಿಟ್ಟುಸಿರು ಬಿಡುತ್ತಿದ್ದರು.

ನಾಳೆಯೇ ಆ ಊರಿಗೆ ರೈಲು ಹತ್ತೋಣ ಎಂದು ನಾನು ಸಲಹೆ ಮಾಡಿದೆ.

“ಮುಂದಿನ ವರ್ಷ ನಾನ ಖುದ್ದ ಹೋಗಿ ಆ ತಾಯಿ ಕಾಲು ಬೀಳ್ತೇನಿ,” ಎಂದಳು ವಿಜಯಾ. “ಈಗ ಮಾತ್ರ ನಾ ಇಲ್ಲಿಂದ ಏಳಂಗಿಲ್ಲ.”

ಮುಂದಿನ ದಿನಗಳು ಪರಮಸುಖದವು. ಮೀನಂಗಡಿಯ ಕೊಂಚೆತ್ತಾ ದಿನಾ ಮನೆಗೆ ಕರೆದು ಬದನೆಕಾಯಿ, ಬೀನ್ಸು, ಎಣ್ಣೆ ಸುರಿದ ಬ್ರೆಡ್ಡು ತಿನ್ನಿಸಿದಳು. ಬಾಟಲಿಯನ್ನು ಅವಳೇ ಇಟ್ಟುಕೊಂಡಳು. ಕೆನ್ನೆಯ ಪೆಟ್ಟಿನ ನಂತರ ವಾಪಸು ಕೇಳುವ ಧೈರ್ಯ ಯಾರಿಗಿದೆ? ವಿಜಯಾ ಬೆಳಗಿನಿಂದ ಸಂಜೆಯ ತನಕ ನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂತಳು. ಎರಡನೇ ದಿನ ನಾನೂ ಪಕ್ಕದಲ್ಲಿ ಕೂತೆ. ಸಂಜೆ ಸೂರ್ಯ ಸಮುದ್ರದೊಳಗೆ ಇಳಿಯುವುದು ಆ ಊರಿನಲ್ಲಿ ಬಹಳ ಚೆಂದ. ಅದನ್ನು ತೋರಿಸಿ ಏನೋ ವಿವರಿಸಲು ಬಾಯಿ ತೆರೆದೆ. ಅವಳು ನನ್ನ ತೊಡೆಯ ಮೇಲೆ ಕೈಯಿಟ್ಟು, “ಸುಮ್ಕಿರ್ರಿ,” ಎಂದಳು. ಸುಮ್ಮನಿದ್ದೆ. ಸುಮ್ಮನಿರುವುದು ಇಷ್ಟು ಹಿತವೆಂದು ಯಾರೂ ನನಗೆ ಮೊದಲು ಹೇಳಿರಲಿಲ್ಲ.

ಮನೆಗೆ ಬಂದಮೇಲೆ ವಿತೋನ ಎದುರು ತಲೆತಗ್ಗಿಸಿ ನಿಂತೆ. ಮುದುಕ ಬೇಸರಪಡಲಿಲ್ಲ. ಅವನು ಆಗಲೇ ಇಡೀ ಬೀದಿಗೆ ಕತೆ ಹೇಳಿ ಮುಗಿಸಿದ್ದ. ಟಪಾಲು ಹಂಚುವವಳು ಕೂಡ ನನ್ನನ್ನು ಕಂಡು “ಹೌ ಈಸ್ ದ ಫಿಶ್?” ಎಂದಳು. ನಿಜವಾದ ಕೊಂಚೆತ್ತಾಳಿಗೆ ಅದಿತಿ ಪಾರ್ಸೆಲಿನಲ್ಲಿ ಸಿರಪ್ ಕಳಿಸಿದಳು. ವಿಳಾಸ ಬರೆಯಲು ನನಗೆ ಅವಕಾಶ ಕೊಡಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಪ್ರವಾಸದ ಖಾತೆ ಅದಿತಿಯದು. ನನ್ನನ್ನು ಅವಮಾನಿಸಬಾರದೆಂದು ನನಗೂ ಒಂದು ಜವಾಬ್ದಾರಿ ವಹಿಸಿದರು: ಕಾರಿನ ಹಿಂದಿನ ಸೀಟಿನಲ್ಲಿ ಊಟದ ಡಬ್ಬಿ ಹಿಡಿದುಕೊಂಡು ಕೂರುವುದು. ಯಾವ ದಿಕ್ಕನ್ನೂ ನೋಡುವ ಅಗತ್ಯವಿಲ್ಲದ, ಗೌರವದ ಕೆಲಸ. ಕಳೆದ ತಿಂಗಳು ನಯಾಗರಾಕ್ಕೆ ಹೊರಟಾಗ ಬಹಳ ನಿಷ್ಠೆಯಿಂದ ಹಿಡಿದು ಕೂತಿದ್ದೆ. ಹೆದ್ದಾರಿ ಹತ್ತಿದ ಮೇಲೆ ಗೊತ್ತಾಯಿತು, ಮೊಸರನ್ನದ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದಿದ್ದೆ!