ಸಾಣಿಗೆ ಟೊಪ್ಪಿಗೆಯೂ ಗಿಣಿ ಹಸಿರೂ

“ಇದನ್ನ ತಲೀಗೆ ಹಾಕ್ಕೊಂಡ್ರ ಸಾಕು, ಬೇಕಾದ ಬಣ್ಣ ತಾನ ಎದ್ದು ಬಂದು ‘ನಾ ಇಲ್ಲಿದ್ದೀನಿ’ ಅಂತೈತಿ!” ಎಂದು ಗುರುಪಾದಪ್ಪ ತನ್ನ ಹೊಸ ಟೊಪ್ಪಿಗೆಯನ್ನು ಎತ್ತಿ ತೋರಿಸಿದ.

ಕಸ್ತೂರೆವ್ವ ಗಂಡನ ಕೈಯನ್ನೇ ದಿಟ್ಟಿಸಿದಳು. “ಅದು ನನ್ನ ಹಿಟ್ಟಿನ ಸಾಣಿಗಿ ಅಲ್ಲೇನ್ರಿ? ನಿನ್ನಿಯಿಂದ ಹುಡುಕಾಕತ್ತೀನಿ!”

ಸಾಣಿಗೆಯೇ ಹೌದು. ಸುತ್ತ ತಂತಿ ಬಿಗಿದು, ಒಳಗೆ ಪುಟ್ಟ ಪುಟ್ಟ ನೀಲಿ ದೀಪ ಕೂಡಿಸಿ, ಬದಿಗೆ ಹಳೆಯ ರೇಡಿಯೊದ ಗುಂಡಿ ಅಂಟಿಸಿದ್ದ.

ಹುಬ್ಬಳ್ಳಿ ಪೇಟೆಯಲ್ಲಿ ಕಸ್ತೂರೆವ್ವನ ಮ್ಯಾಚಿಂಗ್ ಸೆಂಟರ್ ಹೆಸರುವಾಸಿ. ಎಂಥ ಸೀರೆ ತಂದರೂ ಅದಕ್ಕೊಪ್ಪುವ ಜಂಪರಿನ ಬಟ್ಟೆಯನ್ನು ಅವಳು ಬರಿಗಣ್ಣಿನಲ್ಲೇ ಆರಿಸಿ ಕೊಡುತ್ತಿದ್ದಳು. ಈ ತಿಂಗಳಿನಿಂದ ಮಾತ್ರ ಕೊಟ್ಟ ಬಟ್ಟೆ ವಾಪಸು ಬರತೊಡಗಿತ್ತು. ತನ್ನ ಕಣ್ಣು ಕೈಕೊಟ್ಟಿತೇ ಎಂದು ಅವಳಿಗೆ ಒಳಗೊಳಗೇ ದಿಗಿಲು. ಕಣ್ಣು ಹೋದರೆ ಅಂಗಡಿ ಉಳಿಯುವುದುಂಟೆ! ಹೆಂಡತಿಯ ಮುಖ ಬಾಡಿದ್ದನ್ನು ನೋಡಿ ಗುರುಪಾದಪ್ಪ ಸುಮ್ಮನಿರುವ ಪೈಕಿಯೂ ಅಲ್ಲ. ಹೋದ ತಿಂಗಳಷ್ಟೇ ಹಾಲಿಗಿಂತ ಬೆಳ್ಳಗೆ ಬೆಳಗುವ ದೀಪವೊಂದನ್ನು ತಾನೇ ಮಾಡಿ ಅಂಗಡಿಯ ನಡುವೆ ತೂಗುಹಾಕಿದ್ದ.

“ಮಿದುಳಿನ ಹಿಂಬದೀಗೆ ನೋಡೂ ಕೆಲಸದ ನರಕೋಶ ರಾಶಿಗಟ್ಟಲೆ ಅದಾವ. ಒಂದೊಂದಕ್ಕ ಒಂದೊಂದು ಚಟ. ಒಂದಕ್ಕ ಅಡ್ಡಗೆರಿ ಬೇಕು, ಒಂದಕ್ಕ ಉದ್ದಗೆರಿ, ಮತ್ತೊಂದಕ್ಕ ಗಿಣಿ ಹಸಿರು. ಈ ಟೊಪಿಗಿ ಆ ಗಿಣಿ ಹಸಿರಿನ ಕೋಶ ಒಂದನ್ನ ಎಬ್ಬಸ್ತೈತಿ. ಅದು ಭಜನಿ ಎತ್ತಿದ ಕೂಡ್ಲೆ ನೆರಿಹೊರಿ ಕೋಶಗಳೂ ದನಿಗೂಡಸ್ತಾವ!”

“ನನಗ ಭಜನಿ ಬ್ಯಾಡ, ಬಟ್ಟಿ ಬೇಕು. ಶಿವಲೀಲಕ್ಕ ಬರೂ ಹೊತ್ತಾತು!”

ಮೆಣಸಿನಕಾಯಿ ಮನೆತನದ ಶಿವಲೀಲಕ್ಕ ಮಗಳ ಮದುವೆಯ ಗಿಣಿ ಹಸಿರು ಸೀರೆಯನ್ನು ನಿನ್ನೆಯೇ ಬಿಟ್ಟುಹೋಗಿದ್ದಳು. ಅದಕ್ಕೆ ಬಟ್ಟೆ ಹೊಂದಿದರೆ ಮದುವೆ ಮನೆಯ ಜಂಪರುಗಳೆಲ್ಲ ಕಸ್ತೂರೆವ್ವನಿಗೆ. ಇಲ್ಲವಾದರೆ ಎದುರಿನ ಅಂಗಡಿಗೆ.

ಬೇರೆ ದಾರಿಯಿಲ್ಲದೆ ಕಸ್ತೂರೆವ್ವ ಸಾಣಿಗೆಗೆ ತಲೆಯೊಡ್ಡಿದಳು. ಮದುವೆ ಸೀರೆಯನ್ನು ನೋಡುತ್ತ ನಿಂತಳು, ಗಂಡ ಗುಂಡಿ ತಿರುಗಿಸಿದ. ಆಮೇಲೆ ಕಪಾಟಿನ ಕಡೆ ತಿರುಗಿದರೆ, ಒಂದೇ ಒಂದು ಹಸಿರು ಬಟ್ಟೆಯ ಥಾನು ಧಗಧಗ ಹೊಳೆಯುತ್ತಿತ್ತು. ಅದರ ಅಕ್ಕಪಕ್ಕ ಎಲ್ಲಾ ಖಾಲಿ!

“ಉಳಿದ ಹಸಿರು ಎಲ್ಲಿ ಹೋದ್ವು? ಎಲೆ ಹಸಿರು, ಪಾಚಿ ಹಸಿರು ಒಂದೂ ಕಾಣವಲ್ದಲ್ರಿ!” ಕಸ್ತೂರೆವ್ವ ಸಾಣಿಗೆ ತೆಗೆದಿಟ್ಟು ಕಣ್ಣುಜ್ಜಿಕೊಂಡಳು.

“ಹೌದಾ?” ಗುರುಪಾದಪ್ಪನೂ ತಲೆ ಕೆರೆದುಕೊಂಡ. “ಇರ್ಲಿ, ಬೇಕಾದ್ದು ಉಳಿದೈತಲ್ಲ!”

ಅವಳ ಕಣ್ಣಿಗೆ ಉಳಿದ ಹಸಿರೂ ಒಂದೊಂದಾಗಿ ಮರಳುವಷ್ಟರಲ್ಲಿ ಶಿವಲೀಲಕ್ಕ ಬಂದೇಬಿಟ್ಟಳು. ಉಟ್ಟದ್ದು ಎಲೆ ಹಸಿರು ಇಳಕಲ್ಲು. ವಿಷಯ ಕೇಳಿದ್ದೇ ತಡ, “ನನಗೂ ಹಾಕ್ರಿ, ನೋಡೂಣು!” ಎಂದು ಸಾಣಿಗೆಯನ್ನು ತಲೆಗೇರಿಸಿಕೊಂಡಳು. ಗುರುಪಾದಪ್ಪ ಉತ್ಸಾಹದಲ್ಲಿ ಗುಂಡಿಯನ್ನು ಇನ್ನಷ್ಟು ತಿರುಗಿಸಿದ.

“ಅಬ್ಬಾ! ಏನು ಹೊಳಪ್ರಿ ಆ ಬಟ್ಟೀದು!” ಎಂದವಳು ಸೆರಗು ಸರಿಪಡಿಸಿಕೊಳ್ಳಲು ತಲೆ ತಗ್ಗಿಸಿದಳು. ಮರುಕ್ಷಣ ಕಿಟಾರನೆ ಕಿರುಚಿದಳು. “ಯವ್ವಾ! ನನ್ನ ಸೀರಿ ಎಲ್ಲಿ?”

“ಉಟ್ಟೀರಲ್ಲ ಅಕ್ಕಾ!” ಎಂದಳು ಕಸ್ತೂರೆವ್ವ.

“ಎಲ್ಲಿ ಉಟ್ಟೀನಿ? ಕಾಣವಲ್ದು! ಕಣ್ಣು ಮುಚ್ಚಗೋರಿ ಗುರುಪಾದಪ್ಪಾರ!”

ಗುರುಪಾದಪ್ಪ ಪಾಪ, ಯಾಕೆಂದು ತಿಳಿಯದೆಯೇ ಕಣ್ಣು ಮುಚ್ಚಿದ. ಕಸ್ತೂರೆವ್ವ ಸಾಣಿಗೆ ಕಿತ್ತು ಎಸೆದರೂ ಸೀರೆ ಮರಳಲಿಲ್ಲ. ಶಿವಲೀಲಕ್ಕ ಕೈಗೆ ಸಿಕ್ಕ ಕೆಂಪು ಥಾನನ್ನು ಎಳೆದು ಗಿರಗಿರ ಸುತ್ತಿಕೊಂಡಳು. ಕೆಂಪು ಕಂಡಿತು. ಕಂಡಿದ್ದೇ ತಡ ಇನ್ನೂ ನಾಲ್ಕು ಸುತ್ತು ಸುತ್ತಿಕೊಂಡು ಬೀದಿಗೆ ಓಡಿದಳು.

ವ್ಯಾಪಾರ ಕೈತಪ್ಪೀತೆಂದು ಕಸ್ತೂರೆವ್ವ ಮದುವೆ ಸೀರೆಯನ್ನೂ ಆ ಹೊಳೆದ ಥಾನನ್ನೂ ಹಿಡಿದು ಬೆನ್ನುಹತ್ತಿದಳು. ಬಿಸಿಲಿಗೆ ಬಂದು ಎರಡನ್ನೂ ನೋಡಿದವಳು ಅಲ್ಲೇ ನಿಂತುಬಿಟ್ಟಳು. ಎಲ್ಲಿಯ ಗಿಣಿ ಹಸಿರು? ಕೈಯಲ್ಲಿದ್ದ ಥಾನು ನೀಲಿಗೆ ತಿರುಗಿತ್ತು! ಅವಳು ಹಿಂದಿರುಗಿ ಅಂಗಡಿಯನ್ನು ನೋಡಿದಳು. ಹಾಲಿಗಿಂತ ಬೆಳ್ಳಗಿನ ಆ ದೀಪ ನಡುವೆ ಜೋರಾಗಿ ಬೆಳಗುತ್ತಿತ್ತು.

“ಅಂದ್ರ ಬಣ್ಣ ಕೆಡಿಸಿದ್ದು ಆ ದೀಪ, ನನ್ನ ಕಣ್ಣಿಗೆ ಏನೂ ಆಗಿಲ್ಲ!” ಕಸ್ತೂರೆವ್ವನಿಗೆ ಅಳುವೂ ಬಂತು, ನಗುವೂ ಬಂತು. ಒಳಗಿನಿಂದ ಇನ್ನೆರಡು ಹಸಿರು ಥಾನು ತಂದು ಬಿಸಿಲಲ್ಲಿ ಹಿಡಿದು, ಒಂದನ್ನು ಸೀರೆಯ ಮೇಲಿಟ್ಟಳು. ಎಲ್ಲಿ ಸೀರೆ ಮುಗಿದು ಎಲ್ಲಿ ಬಟ್ಟೆ ಶುರುವಾಯಿತೆಂದು ಹೇಳುವುದೇ ಕಷ್ಟ. ಅಷ್ಟು ಹೊತ್ತಿಗೆ ಬೀದಿಯ ತಿರುವಿನಲ್ಲಿ ನಿಂತಿದ್ದ ಶಿವಲೀಲಕ್ಕನಿಗೂ ಹಸಿರು ಮೆಲ್ಲಗೆ ಮರಳುತ್ತಿತ್ತು. ಹಿಂದಿರುಗಿ ಬಂದು ಹೊಂದಿದ ಬಟ್ಟೆಯನ್ನು ನೋಡಿ, ಮದುವೆಯ ಜಂಪರೆಲ್ಲ ಇಲ್ಲೇ ಎಂದು ಹೇಳಿ ಹೋದಳು. ಕೆಂಪು ಥಾನನ್ನು ಮಾತ್ರ ಧೈರ್ಯ ಸಾಲದೆ ಬಿಚ್ಚಲಿಲ್ಲ.

ಒಳಗೆ ಗುರುಪಾದಪ್ಪ ತಪ್ಪು ಎಲ್ಲಿದೆಯೆಂದು ತಿಳಿಯಲು ತಾನೇ ಸಾಣಿಗೆ ಹಾಕಿಕೊಂಡು ಗುಂಡಿಯನ್ನು ಕೊನೆತನಕ ತಿರುಗಿಸಿದ್ದ. ಪಾಚಿ ಹಸಿರು ಸೀರೆಯ ಹೆಂಡತಿ ಒಳಗೆ ಬಂದದ್ದೇ ಬೆಚ್ಚಿಬಿದ್ದ. “ಕಸ್ತೂರಿ! ಬರೇ ಮುಖಾ, ಎರಡು ಕೈ ಬಂದಾವ! ಉಳಿದಾಕಿ ಎಲ್ಲಿ?”

“ನಿಮ್ಮ ಭಜನಿ ಲೆಕ್ಕಾನ ತಪ್ರಿ,” ಎಂದಿತು ಮುಖ. “ಶಿವಲೀಲಕ್ಕ ಗಿಣಿ ಹಸಿರು ಉಟ್ಟು ಮೆರದ್ರ, ಓಣ್ಯಾಗಿನ ಹಸಿರಿನ ಹುಚ್ಚಿನವ್ರೆಲ್ಲಾ ತಮ್ಮ ಸೀರಿ ಮಡಚಿ ಪೆಟ್ಟಿಗ್ಯಾಗ ಇಡ್ತಾರ. ಕೆಂಪು ಉಡಾಕಿಗೆ ಅದರ ಚಿಂತೀನ ಇಲ್ಲ. ನಿಮ್ಮ ಕೋಶಗಳೂ ಹಂಗ ಕಾಣ್ತಾವ.”

“ಅಂದ್ರ, ತಮ್ಮಂಥಾ ನೆರಿಯವ್ರ ಬಾಯಿ ಮುಚ್ಚಸ್ತಾವೇನು?”

“ತಮ್ಮಂಥಾವ್ರ ಕೂಡ ಅಲ್ದ ಮತ್ಯಾರ ಕೂಡ ಪೈಪೋಟಿ ಮಾಡ್ಬೇಕ್ರಿ?”

ಆಗ ಅವಳಿಗೊಂದು ಉಪಾಯ ಹೊಳೆಯಿತು. ಹಿಂದೆ ಮಾವನವರ ಮುಂದೆ ಎಳೆದುಕೊಳ್ಳುತ್ತಿದ್ದಂತೆ ಸೆರಗನ್ನು ಮುಖ ಮುಚ್ಚುವವರೆಗೂ ಎಳೆದುಕೊಂಡಳು, ಕೈಗಳನ್ನೂ ಒಳಗೆ ಸೇರಿಸಿದಳು.

“ಅಯ್ಯಯ್ಯೋ, ಉಳಿದದ್ದೂ ಹೋತು!”

ಕಸ್ತೂರೆವ್ವ ಸ್ಟೂಲು ಹತ್ತಿ, ಸೆರಗಿನಲ್ಲೇ ಹಿಡಿದು ದೀಪವನ್ನು ಬಿಚ್ಚಿದಳು.

“ಏ ಕಸ್ತೂರಿ! ದೀಪ ತಾನ ಇಳಿದು ಹೊಂಟೈತಿ!”

“ಹೋಗ್ಲಿ ಬಿಡ್ರಿ. ಅದಕ್ಕೂ ನಾಚಿಕಿ ಬಂದಿರಬೇಕು.”

“ಬ್ಯಾರೆ ಬಣ್ಣದ ಸೀರಿ ಉಟ್ಕೊಂಡು ಬಾರೇ, ಕೈ ಮುಗೀತೀನಿ!”

“ಯಾಕ್ರಿ? ನನಗಂತೂ ಎಲ್ಲಾ ನಿಚ್ಚಳ ಕಾಣಾಕತ್ತೈತಿ,” ಎಂದಿತು ಖಾಲಿ ಜಾಗ.

ಅಂಗಡಿ ಮುಚ್ಚುವ ತನಕ ಕಸ್ತೂರೆವ್ವ ಸೀರೆ ಬದಲಿಸಲಿಲ್ಲ. ಅಂದು ಯಾರೂ ಅವಳಿಗೆ ಸಲಹೆ ಕೊಡಲು ಬರಲಿಲ್ಲ, ವ್ಯಾಪಾರ ಚೆನ್ನಾಗಿಯೇ ಆಯಿತು.