ಎಲ್ಲರೂ ಇರಬೇಕು, ಯಾರೂ ಎದ್ದು ಕಾಣಬಾರದು

‘ಆಗುವುದಿಲ್ಲ’ ಎನ್ನಲು ಬಾರದ ಮೇಷ್ಟ್ರಿಗೆ ಇಂಥವು ತಪ್ಪುವುದಿಲ್ಲ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. “ನಿಮಗೂ ಸ್ವಲ್ಪ ಮನಸ್ಸು ಬೇರೆ ಕಡೆ ಹೋದೀತು” ಎಂದು ಹೆಡ್‌ಮಾಸ್ಟರು ಒಂದು ಕೆಲಸ ಅಂಟಿಸಿದರು. ಕೆಜಿಎಫ್‌ನ ಕಾರ್ಖಾನೆಯೊಂದರ ಸಿಬ್ಬಂದಿ ಕ್ಲಬ್ಬಿಗೆ ಊರಿನ ಗುರುತು ಹೇಳುವ ಹತ್ತು ನಿಮಿಷದ ವಿಡಿಯೊ ಬೇಕಿತ್ತು. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಮಾಡಿಕೊಡಬೇಕು. ಒಪ್ಪಿಗೆಯಾದರೆ ಕ್ಲಬ್ಬಿನ ಹಳೆಯ ಕಲರ್ ಟಿವಿ ಶಾಲೆಗೆ. ಅದನ್ನಿಡುವ ಮೇಜನ್ನು ಮಕ್ಕಳು ಆಗಲೇ ಒರೆಸಿಟ್ಟಿದ್ದರು.

೧. ಬೇಕಾದದ್ದೇನು

ಕ್ಲಬ್ಬಿನ ಕಾರ್ಯದರ್ಶಿ ಧಾರವಾಡದ ಕಡೆಯವರು. ಯಾರನ್ನು ತೋರಿಸಬೇಕು ಎಂದು ಕೇಳಿದೆ.

“ಎಲ್ಲಾರೂ ಇರಬೇಕ್ರಿ ಮಾಸ್ತರ್. ಆದ್ರ ಯಾರೂ ಎದ್ದು ಕಾಣಬಾರ್ದು.”

“ಊರಿನ ಗುರುತು ಅಂದರೆ ನಿಮ್ಮ ಮನಸ್ಸಿನಲ್ಲಿ ಏನಿದೆ ಸಾರ್?”

“ಅದನ್ನ ನೀವು ಮಾಡಿ ತರ್ರಿ. ನೋಡಿದ ಮ್ಯಾಲೆ, ಅದಲ್ಲ ಅಂತ ನಾ ಹೇಳ್ತೀನಿ.”

೨. ರೈಲು

ಎಲ್ಲರೂ ಒಟ್ಟಿಗೆ ಸಿಗುವುದು ಮಾರಿಕುಪ್ಪಂ ಸ್ಟೇಷನ್ನಿನಲ್ಲಿ, ಬೆಳಗಿನ ಗಾಡಿಗೆ ಎಂದು ಮಕ್ಕಳು ತೀರ್ಮಾನಿಸಿದರು. ಬಂಗಾರಪೇಟೆಯಿಂದ ಮದುವೆ ವಿಡಿಯೊ ತೆಗೆಯುವವನೊಬ್ಬನನ್ನು ಗೊತ್ತು ಮಾಡಿದೆವು. ಟಿಫನ್ ಡಬ್ಬಿ, ಹೂವಿನ ಬುಟ್ಟಿ, ಓಡಿ ಬಂದು ಹತ್ತುವವರು, ಎಲ್ಲ ಚೆನ್ನಾಗಿ ಬಂತು. ನನಗೂ ಸಮಾಧಾನವಾಯಿತು.

ಕಾರ್ಯದರ್ಶಿ ಪೂರ್ತಿ ನೋಡಿದರು. “ಮಾಸ್ತರ್, ಇದರಾಗ ಎಲ್ಲಾರೂ ಊರು ಬಿಟ್ಟು ಹೊಂಟಾರಲ್ರಿ. ಊರಾಗ ಉಳಿದವರು ಯಾರು, ನಾನೂ ನೀವೂ ಏನು?”

೩. ಅಜ್ಜಿ

ಉಳಿದವರೇ ಬೇಕಲ್ಲ ಎಂದು ಊರಿಗಾಂನಲ್ಲಿ, ಗಣಿ ಕೆಲಸಗಾರರ ಲೈನು ಮನೆಗಳಲ್ಲಿದ್ದ ಒಬ್ಬ ವಿದ್ಯಾರ್ಥಿನಿಯ ಅಜ್ಜಿಯ ಬಳಿ ಹೋದೆವು. ನಮ್ಮ ಹುಡುಗನೊಬ್ಬ ಕೇಳಿದ: “ಅಜ್ಜಿ, ನಿಮ್ದು ಯಾವ ಭಾಷೆ?”

“ಯಾವುದ್ರಾಗೆ ಬೈಸ್ಕೋಬೇಕು ಏಳ್ಲಾ, ಅದ್ರಾಗೆ ಬೈತೀನಿ.”

ಮಾತಿಗೆ ತಪ್ಪಲಿಲ್ಲ. ಕ್ಯಾಮೆರಾ ವೈರು ಕಚ್ಚಿದ ಮೇಕೆಯನ್ನು ತಮಿಳಿನಲ್ಲಿ, ಕಾಫಿ ತಡ ಮಾಡಿದ ಸೊಸೆಯನ್ನು ತೆಲುಗಿನಲ್ಲಿ, ನಕ್ಕ ಹುಡುಗನನ್ನು ಕನ್ನಡದಲ್ಲಿ ಬೈದರು. ಇದಕ್ಕಿಂತ ಊರಿನ ಗುರುತು ಇನ್ನೇನು ಬೇಕು ಎಂದು ನಾನೇ ಕ್ಯಾಸೆಟ್ಟು ಹೊತ್ತುಕೊಂಡು ಹೋದೆ.

“ಚಲೋ ಐತ್ರಿ” ಎಂದರು ಕಾರ್ಯದರ್ಶಿ. “ಆದ್ರ ಈಕಿ ಎದ್ದು ಕಾಣ್ತಾಳ. ಇದೊಮ್ಮೆ ಸರಿ ಮಾಡ್ರಿ, ಇಲ್ಲಾಂದ್ರ ಟಿವಿ ಮಾತು ಬಿಡ್ರಿ.”

ಮಕ್ಕಳು ಆ ದಿನವೂ ಮೇಜು ಒರೆಸಿದರು.

೪. ಎರಡು ಕುರ್ಚಿ

ಕೊನೆಯ ಪ್ರಯತ್ನವೆಂದು, ಅದೇ ಲೈನಿನವರೆಲ್ಲ ಸಂಜೆ ಹೊರಗೆ ಬರಬೇಕೆಂದು ಹೇಳಿ ಕಳಿಸಿದೆವು. ವಿಡಿಯೊದವನು ಎರಡು ಕುರ್ಚಿ ತರಿಸಿ ಬೀದಿಯ ನಡುವೆ ಹಾಕಿಸಿದ.

“ಕುರ್ಚಿ ಯಾಕಪ್ಪ?”

“ಮಧ್ಯದಲ್ಲಿ ಯಾರಾದ್ರೂ ಕೂತ್ರೇನೇ ಸಾರ್ ನನ್ ಕೈ ಓಡೋದು. ಲೈಟ್ ನೋಡ್ಬೇಕು, ನೀವೇ ಕೂತ್ಕೊಳ್ಳಿ.”

ಕೂತೆ. ಮದುವೆ ಮನೆಯ ಬಿಳಿ ಲೈಟು ಹತ್ತಿತು. ಅಷ್ಟೇ ಸಾಕಾಯಿತು. ಮನೆಮನೆಯಿಂದ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಬಂದರು. ನಾಲ್ಕು ನಾಲ್ಕು ಜನ ನನ್ನ ಹಿಂದೆ ನಿಂತು, ಉಸಿರು ಬಿಗಿಹಿಡಿದು ಕ್ಯಾಮೆರಾ ನೋಡಿ, ಇನ್ನೊಂದು ಪಕ್ಕದಿಂದ ಸರಿದು ಹೋದರು. ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಏಳಲು ಹೋದರೆ ವಿಡಿಯೊದವನು, “ಅಲ್ಲಾಡ್ಬೇಡಿ ಸಾರ್” ಎನ್ನುತ್ತಿದ್ದ.

ಕೊನೆಗೆ ಅಜ್ಜಿ ಬಂದು ತಲೆಯ ಮೇಲೆ ಅಕ್ಷತೆ ಹಾಕಿದರು. “ಒಳ್ಳೆ ಕೆಲ್ಸ ಮಾಡುದ್ರಿ ಮೇಷ್ಟ್ರೇ. ಒಬ್ರೇ ಎಷ್ಟು ದಿನಾಂತ ಇರ್ತೀರ. ಉಡುಗಿ ಎಲ್ಲಿ?”

“ಹುಡುಗಿ ಇಲ್ಲ ಅಜ್ಜಿ. ಇದು ಶಾಲೆಯ ವಿಡಿಯೊ.”

“ಬತ್ತಾಳೆ ಬುಡಿ. ರೈಲು ತಡ ಆಗಿರ್ಬೇಕು.”

ಕಾರ್ಯದರ್ಶಿ ನೋಡಿ ಮೇಜು ಕುಟ್ಟಿದರು. “ಇದು ನೋಡ್ರಿ! ಎಲ್ಲಾರೂ ಅದಾರ, ಯಾರೂ ಎದ್ದು ಕಾಣಂಗಿಲ್ಲ.” ಹತ್ತು ನಿಮಿಷವೂ ನಡುವೆ ಕೂತಿದ್ದವನು ನಾನು.

ಟಿವಿ ಬಂತು.

೫. ಚೊಂಬು

ಅದರ ಹಿಂದೆಯೇ ಅಜ್ಜಿಯೂ ಬಂದರು, ಮೊಮ್ಮಗಳನ್ನು ಕರೆದುಕೊಂಡು, ಒಂದು ಸ್ಟೀಲ್ ಚೊಂಬು ಹಿಡಿದು. ಮದುವೆಯ ಉಡುಗೊರೆಯಂತೆ. ಅಂಚಿನಲ್ಲಿ ನನ್ನ ಹೆಸರು ಕೊರೆಸಿದ್ದರು. “ಪಕ್ಕದಾಗೆ ಜಾಗ ಬುಡ್ಸಿವ್ನಿ. ಅವಳ ಎಸ್ರು ನೀವೇ ಆಕಿಸ್ಕೊಳ್ಳಿ.”

ಎಷ್ಟು ಹೇಳಿದರೂ ವಾಪಸು ತೆಗೆದುಕೊಳ್ಳಲಿಲ್ಲ. ಚೊಂಬು ಕೆಲವು ದಿನ ಮನೆಯಲ್ಲಿ ಹಾಗೇ ಇತ್ತು. ಆ ಖಾಲಿ ಜಾಗ ದಿನವೂ ಕಣ್ಣಿಗೆ ಬೀಳುತ್ತಿತ್ತು. ಒಂದು ಸಂಜೆ ರಾಬರ್ಟ್‌ಸನ್‌ಪೇಟೆಯ ಪಾತ್ರೆ ಅಂಗಡಿಗೆ ಹೋಗಿ ನನ್ನ ಹೆಂಡತಿಯ ಹೆಸರು ಕೊರೆಸಿದೆ. ಇನ್ನಾರದನ್ನು ಕೊರೆಸಲಿ?

ಅಂಗಡಿಯ ಬಾಗಿಲಲ್ಲೇ ಅಜ್ಜಿ, ಮೊಮ್ಮಗಳ ಜೊತೆ ಸಿಕ್ಕಿದರು. ಚೊಂಬು ಕಿತ್ತುಕೊಂಡು ಅವಳ ಕೈಗೆ ಕೊಟ್ಟರು. “ಓದೇ.”

ಹುಡುಗಿ ಓದಿ, ತಗ್ಗಿದ ದನಿಯಲ್ಲಿ, “ಅಜ್ಜಿ, ಇದು ತೀರ್ಕೊಂಡ ಅಮ್ಮನೋರ ಹೆಸ್ರು” ಎಂದಳು.

ಅಜ್ಜಿ ನನ್ನ ಮುಖ ನೋಡಿದರು. ಚೊಂಬು ನೋಡಿದರು. ಸೆರಗಿನಿಂದ ಅದನ್ನು ಚೆನ್ನಾಗಿ ಒರೆಸಿ ನನ್ನ ಕೈಗಿಟ್ಟರು.

“ಬರೋಳ್ದೂ ಅದೇ ಎಸ್ರಾ? ಒಳ್ಳೇದೇ ಆಯ್ತು ಬುಡಿ ಮೇಷ್ಟ್ರೇ. ಕರಿಯೋವಾಗ ತಪ್ಪಾಗಕಿಲ್ಲ.”